ಓಡದ ಗಾಡಿಗೆ ನಾಲ್ಕು ನಿಂಬೆಹಣ್ಣು

ನಮ್ಮ ಮನೆಯ ವ್ಯಾನು ಸತ್ತಿದೆ ಎಂದು ಸರ್ಕಾರಕ್ಕೆ ಬರೆದುಕೊಡುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂತು.

ಸತ್ತಿರಲಿಲ್ಲ. ನಾನು ಬರೆಯಲು ಕೂತ ಹೊತ್ತಿಗೆ ಹಿತ್ತಲಿನಿಂದ ಅದರ ಹಾರ್ನ್ ಕೇಳಿಸುತ್ತಿತ್ತು. ಬ್ಯಾಡಗಿಗೆ ಹೊರಟ ನಮ್ಮತ್ತೆ ಆಗಲೇ ಒಳಗೆ ಕೂತು, ಮಗ ತಡ ಮಾಡಿದನೆಂದು ಹಿಂದಿನ ಸೀಟಿನಿಂದಲೇ ಕೈ ಚಾಚಿ ಒತ್ತುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ‘ಸದರಿ ವಾಹನವು ಬಹುಕಾಲದಿಂದ ಚಾಲನೆಯಲ್ಲಿ ಇರುವುದಿಲ್ಲ’ ಎಂದು ಬರೆಯುತ್ತಿದ್ದೆ.

(ಮನೆಯಲ್ಲಿ ಒಬ್ಬರು ಅಂಕಣ ಬರೆಯುತ್ತಾರೆಂದರೆ ಇದೇ ಪಜೀತಿ. ನಲ್ಲಿ ನೀರಿನ ದೂರು, ಗ್ಯಾಸಿನವರಿಗೆ ಪತ್ರ, ಓಣಿಯ ಯಾರದೋ ಮಗಳ ಲಗ್ನಪತ್ರಿಕೆ, ಎಲ್ಲವೂ ನಮ್ಮ ತಲೆಗೇ.)

ವಿಷಯ ಇಷ್ಟು. ವ್ಯಾನಿಗೆ ಹದಿನೈದು ವರ್ಷ ತುಂಬಿತು. ತುಂಬಿದ ಮೇಲೆ ಅದನ್ನು ಆರ್‌ಟಿಒ ಮೈದಾನಕ್ಕೆ ಒಯ್ದು ತೋರಿಸಬೇಕು. ಬ್ರೇಕು, ಲೈಟು, ಹೊಗೆ, ಸ್ಟೇರಿಂಗು ಎಲ್ಲ ನೋಡಿ, ಇದು ರಸ್ತೆಗೆ ಯೋಗ್ಯ ಎಂದು ಅವರು ಒಪ್ಪಿದರೆ ಮಾತ್ರ ಆರ್‌ಸಿ ಮುಂದುವರಿಯುತ್ತದೆ. ನಮ್ಮ ವ್ಯಾನಿನ ಯೋಗ್ಯತೆ ನಮಗೆ ಗೊತ್ತಿತ್ತು. ಎಡಗಡೆಯ ಇಂಡಿಕೇಟರ್ ಹಾಕಿದರೆ ವೈಪರ್ ಓಡುತ್ತದೆ. ಬಾಗಿಲನ್ನು ಹಗ್ಗ ಕಾಯುತ್ತದೆ.

ನಮ್ಮ ಮನೆಯವರು ಹಾವೇರಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ. ಅವರು ವ್ಯಾನಿಗೆ ಒಂದು ಸುತ್ತು ಹಾಕಿ ಬಂದು, “ಒಯ್ದ್ರ ಫೇಲು. ಫೇಲಾದ್ರ ಗುಜರಿ” ಎಂದು ತೀರ್ಪು ಕೊಟ್ಟರು.

ಗುಜರಿಗೆ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಆ ವ್ಯಾನಿನ ಜೊತೆ ನಮ್ಮತ್ತೆಯ ಸೋಮವಾರವೂ ಹೋಗುತ್ತಿತ್ತು.

ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಅತ್ತೆಯ ತಂಗಿಯನ್ನು ಕೊಟ್ಟಿರುವುದು ಅಲ್ಲಿನ ದಲಾಲಿ ಅಂಗಡಿಯವರ ಮನೆಗೆ. ಮಾರುಕಟ್ಟೆಯ ದಿನ ಆ ಮನೆಯ ಗಂಡಸರೆಲ್ಲ ಬೆಳಿಗ್ಗೆ ರೊಟ್ಟಿ ತಿಂದು ಹೊರಬಿದ್ದರೆ ಮತ್ತೆ ಮುಖ ತೋರಿಸುವುದು ದೀಪ ಹಚ್ಚಿದ ಮೇಲೆ. ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಅವರು ಅಷ್ಟು ಹೊತ್ತು ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. (ಗೊತ್ತಿದೆ. ಸೊಸೆಯಂದಿರ ವಿಷಯ.) ಆದರೆ ಸೋಮವಾರ ಸಂಜೆ ಮರಳಿದ ಅತ್ತೆಯ ಮುಖದ ಕಳೆಯೇ ಬೇರೆ. ಮಂಗಳವಾರ ಇಡೀ ದಿನ ನನ್ನ ಸಾರಿಗೆ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಹೆಸರಿಡುವುದಿಲ್ಲ. ಹಾಗಾಗಿ ಈ ಸೋಮವಾರದಲ್ಲಿ ನನ್ನ ಪಾಲೂ ಇದೆ.

ಬೇರೆ ಗಾಡಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಆದರೆ ಅತ್ತೆಯ ಮೊಣಕಾಲು ಒಪ್ಪಬೇಕಲ್ಲ? ಬಸ್ಸಿನ ಮೆಟ್ಟಿಲು ಎತ್ತರ. ಮೈದುನನ ಹೊಸ ಕಾರು ತಗ್ಗು. ಒಮ್ಮೆ ಅದರಲ್ಲಿ ಕೂತವರನ್ನು ಹೊರಗೆ ತೆಗೆಯಲು ಒಬ್ಬರು ಎಳೆದು ಒಬ್ಬರು ದೂಡಬೇಕಾಯಿತು, ಅದೂ ಮದುವೆ ಮನೆಯ ಮುಂದೆ. ಆವತ್ತೇ ಆ ಕಾರಿಗೆ ಶಾಪ ಹಾಕಿದರು. ವ್ಯಾನಿನ ಸೀಟು ಮಾತ್ರ ನಮ್ಮ ಪಡಸಾಲೆಯ ಕಟ್ಟೆಯಷ್ಟೇ ಎತ್ತರ. ಬಾಗಿಲು ಸರಿಸಿ, ಬೆನ್ನು ಮಾಡಿ ಕೂತು, ಎರಡೂ ಕಾಲು ಒಳಗೆ ತಿರುಗಿಸಿಕೊಂಡರೆ ಮುಗಿಯಿತು. ಯಾರ ಕೈಯೂ ಬೇಡ.

ಈ ಸಂಕಟಕ್ಕೆ ದಾರಿ ತೋರಿಸಿದವನು ರಾಣೆಬೆನ್ನೂರಿನ ಬಸಣ್ಣ. ನಮ್ಮ ಮನೆಯವರ ಕಾಕಾನ ಮಗ. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ನಿಮ್ಮ ಬಳಗದಲ್ಲೂ ಇಂಥವನೊಬ್ಬ ಇರುತ್ತಾನೆ. ಇಂಥವರು ನಿಯಮ ಓದುವುದಿಲ್ಲ, ನೇರವಾಗಿ ವಿನಾಯಿತಿಗೇ ಹೋಗುತ್ತಾರೆ.

“ಅಣ್ಣಾ, ಓಡೋ ಗಾಡೀಗೆ ಟೆಸ್ಟು. ಓಡಲಾರದ್ದಕ್ಕ ಯಾತರ ಟೆಸ್ಟು?” ಎಂದ ಬಸಣ್ಣ. “ಗಾಡಿ ಕೆಟ್ಟು ಹಿತ್ತಲದಾಗ ನಿಂತೈತಿ, ರಸ್ತೇಕ್ಕ ತರೂದಿಲ್ಲ ಅಂತ ಬರದ ಕೊಡ್ರಿ. ಅವರ ಬಂದು ನೋಡ್ತಾರ. ಹೌದು ನಿಂತೈತಿ ಅಂತಾರ. ವಿನಾಯಿತಿ ಸಿಗ್ತೈತಿ.”

“ಮತ್ತ ಸೋಮವಾರ?” ಎಂದರು ಇವರು.

“ಸೋಮವಾರ ನಸುಕಿನ್ಯಾಗ ಬಿಡ್ರಿ. ಆ ಹೊತ್ತಿನ್ಯಾಗ ಯಾರ ನೋಡ್ತಾರ?”

ನಿಯಮದ ಪುಸ್ತಕದಲ್ಲಿ ಹೀಗೆಯೇ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಸಣ್ಣನ ಬಾಯಲ್ಲಿ ಇತ್ತು. ನಮಗೆ ಅಷ್ಟು ಸಾಕಾಯಿತು.

ನಾವು ವಿನಾಯಿತಿಯ ಜನ, ಅಲ್ಲವೇ? ಇಲ್ಲೇ ಸರ್ಕಲ್ ತನಕ ಹೋಗುವುದು, ಹೆಲ್ಮೆಟ್ ಯಾಕೆ? ಒಂದೇ ಒಂದು ಮಾತು ಕೇಳುವುದಿದೆ, ಡಾಕ್ಟರ್ ಹತ್ತಿರ ಪಾಳಿ ಯಾಕೆ? ನಮ್ಮ ಓಣಿಯ ಒಬ್ಬ ಗೆಳತಿಗೆ ಶುಗರ್ ಟೆಸ್ಟ್ ಮಾಡಿಸು ಎಂದರೆ, “ಅಕ್ಕನ ಮಗನ ಮದವಿ ಮುಗೀಲಿ ತಡಿ, ಈಗ ಗೊತ್ತಾದ್ರ ಬುಂದೆ ತಿನ್ನಾಕ ಬರೂದಿಲ್ಲ” ಎನ್ನುತ್ತಾಳೆ. ಆ ಮದುವೆ ಮುಗಿದರೆ ಇನ್ನೊಂದು ಇರುತ್ತದೆ. ನಿಯಮ ಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ಊರಿಗೆಲ್ಲ ಬೇಕು, ಗಟ್ಟಿಯಾಗಿಯೇ ಬೇಕು. ನಮ್ಮನ್ನು ಮಾತ್ರ ಒಂದು ಸಲ ಬಿಡಬೇಕು. ಇದು ನನಗೂ ಗೊತ್ತು, ಆದರೂ ಅರ್ಜಿ ಬರೆಯಲು ಕೂತೆ.

ಬರೆಯುತ್ತ ಕೈ ಸ್ವಲ್ಪ ಹೆಚ್ಚೇ ಓಡಿತು. ಸದರಿ ವಾಹನ ಕೆಟ್ಟಿದೆ ಎಂದಷ್ಟೇ ಬರೆದರೆ ಸಾಕಿತ್ತು. ನಾನು ‘ತುಕ್ಕು ಹಿಡಿದು, ಜೀರ್ಣಗೊಂಡು, ತನ್ನ ಕೊನೆಯ ದಿನಗಳನ್ನು ಹಿತ್ತಲಿನಲ್ಲಿ ಕಳೆಯುತ್ತಿದೆ’ ಎಂದೆಲ್ಲ ಬರೆದೆ. ಸಂಜೆ ಬ್ಯಾಡಗಿಯಿಂದ ಬಂದ ಅತ್ತೆಗೆ ಓದಿ ಹೇಳಿದೆ. ಅವರ ಮುಖ ಗಂಟಾಯಿತು.

“ಇದು ಯಾರ ಗಾಡೀ ಸುದ್ದಿ?”

“ನಮ್ಮದರೀ ಅತ್ತೀ.”

“ನಮ್ಮ ಗಾಡೀಗೆ ಏನಾಗೇತಿ? ಈಗ ಬ್ಯಾಡಗಿಯಿಂದ ಬಂದೇನಿ ನಾ. ಹೂವಿನಂಗ ಬಂದೈತಿ.”

ಬರಿ ಕಾಗದಕ್ಕೆ ಹಾಗೆ ಬರೆಯುವುದು, ಹಾಗೆ ಬರೆದರೇ ವ್ಯಾನು ಮನೆಯಲ್ಲಿ ಉಳಿಯುವುದು ಎಂದು ಇವರು ತಿಳಿಸಿ ಹೇಳಿದರು. ಅತ್ತೆ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ಮಲಗುವ ಮುಂಚೆ ಹಿತ್ತಲಿಗೆ ಹೋಗಿ ವ್ಯಾನಿಗೆ ಏನೋ ಹೇಳಿ ಬಂದರು. ಸಮಾಧಾನದ ಮಾತೇ ಇರಬೇಕು.

ಮುಂದಿನ ಕೆಲಸ ಹೆಣದ ಸಿಂಗಾರ. ಬಸಣ್ಣ ಫೋನಿನಲ್ಲೇ ಹೇಳಿಕೊಟ್ಟ. ಹರಿದ ತಾಡಪತ್ರಿಯನ್ನು ಮೇಲೆ ಹೊದಿಸಿದೆವು. ಕನ್ನಡಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದೆವು. ಗಾಜಿನ ಮೇಲೆ ಧೂಳು ಸಾಲದು ಎನ್ನಿಸಿ ನಾನೇ ಎರಡು ಹಿಡಿ ಮಣ್ಣು ತೂರಿದೆ. ಚಕ್ರಗಳ ಸುತ್ತ ಒಡೆದ ಮಡಕೆ, ತೆಂಗಿನ ಚಿಪ್ಪು. ನಮ್ಮ ಮನೆಯವರು ದೂರ ನಿಂತು ನೋಡಿ, “ಖರೇನ ಸತ್ತಂಗ ಕಾಣ್ತೈತಿ” ಎಂದು ಖುಷಿಪಟ್ಟರು.

ಅರ್ಜಿ ಕೊಟ್ಟಿದ್ದ ಆರ್‌ಟಿಒ ಆಫೀಸಿನಿಂದ ಫೋನು ಬಂತು. ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದು ನೋಡುತ್ತಾರಂತೆ. ನಾಳೆ ಅಮಾವಾಸ್ಯೆ.

ಈಗ ನಡೆದದ್ದನ್ನು ನೀವು ನಂಬಬೇಕು. ಮೂವರಿದ್ದೆವು. ಒಬ್ಬರು ಫಿಸಿಕ್ಸ್ ಎಂ.ಎಸ್ಸಿ. ಒಬ್ಬಳು ಪತ್ರಿಕೆಗಳಿಗೆ ಬರೆಯುವವಳು. ಇನ್ನೊಬ್ಬರು ಲೋಕ ಕಂಡ ನಮ್ಮತ್ತೆ. ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಅಮಾವಾಸ್ಯೆ ಎಂದರೆ ನಮ್ಮ ಕಡೆ ಗಾಡಿ ಪೂಜೆ. ಟಿಪ್ಪರಿನಿಂದ ಹಿಡಿದು ಮೊಪೆಡ್ಡಿನ ತನಕ ಯಾವುದಕ್ಕೂ ತಪ್ಪುವುದಿಲ್ಲ. ಅತ್ತೆ ಬೆಳಿಗ್ಗೆ ಎದ್ದವರೇ, “ಇವತ್ತ ಸಾಹೇಬ್ರು ಬರ್ತಾರ, ಗಾಡೀ ಕೆಲಸ ಹೂ ಎತ್ತಿದಂಗ ಆಗಬೇಕು, ಪೂಜಿ ಬಿಡಬ್ಯಾಡ್ರಿ” ಎಂದರು. ಸರಿಯಾದ ಮಾತೇ ಅನ್ನಿಸಿತು. ಹೊಲಸು ಗಾಡಿಗೆ ಪೂಜೆ ಮಾಡುವುದುಂಟೇ? ತಾಡಪತ್ರಿ ತೆಗೆದೆವು. ಬಟ್ಟೆ ತೆಗೆದೆವು. ಹಿಂದಿನ ದಿನ ನಾನೇ ತೂರಿದ ಮಣ್ಣನ್ನು ನಾನೇ ತೊಳೆದೆ. ಅತ್ತೆ ಮುಂಭಾಗಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿದರು. ಊದಿನಕಡ್ಡಿ ಹಚ್ಚಿದರು. ಕಾಯಿ ಒಡೆದರು.

ಆಮೇಲೆ ನಿಂಬೆಹಣ್ಣು.

ನಾಲ್ಕು ಚಕ್ರಕ್ಕೆ ನಾಲ್ಕು. ಇಟ್ಟವಳು ನಾನು. ಗಾಡಿ ಅವುಗಳ ಮೇಲೆ ಹಾಯದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ. ನಮ್ಮ ಮನೆಯವರು ಬಲಗಾಲಿಟ್ಟು ಹತ್ತಿ, ಕೈಮುಗಿದು, ಕೀಲಿ ತಿರುಗಿಸಿದರು. ಓಡದ ಗಾಡಿ ಗಡಗಡ ಓಡಿ ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿ ಮಾಡಿ ನಿಂತಿತು. ‘ಇದು ಓಡುವುದಿಲ್ಲ’ ಎಂಬ ಅರ್ಜಿ ಪಾಸಾಗಲಿ ಎಂದು ಬೇಡಿಕೊಂಡು ನಾವು ಅದನ್ನು ಓಡಿಸಿದ್ದೆವು.

ಇನ್‌ಸ್ಪೆಕ್ಟರು ಬೈಕಿನಲ್ಲಿ ಬಂದರು. ಬೋಳು ತಲೆಯ, ಮೆಲುದನಿಯ ಮನುಷ್ಯ. ಇವರು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತ, “ಬಾಳ ದಿನದಿಂದ ನಿಂತೈತ್ರಿ ಸರ್, ನೋಡಾಕ ಆಗೂದಿಲ್ಲ” ಎಂದು ದುಃಖದ ದನಿಯಲ್ಲಿ ಹೇಳುತ್ತಿದ್ದರು. ಹಿತ್ತಲ ಬಾಗಿಲು ದಾಟಿದರೆ ಎದುರಿಗೆ ವ್ಯಾನು. ಮದುಮಗಳಂತೆ ನಿಂತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆ ಕ್ಷಣಕ್ಕೆ ನನಗೆ ಹೊಳೆಯಿತು. ಇವರಿಗೂ ಹೊಳೆಯಿತು. ಇಂಗು ತಿಂದ ಮಂಗನ ಮುಖ ಎಂದು ಕೇಳಿದ್ದೆ, ಆವತ್ತು ಕಂಡೆ. ನನ್ನದು ಹೇಗಿತ್ತೋ ಅವರನ್ನೇ ಕೇಳಬೇಕು.

ಇನ್‌ಸ್ಪೆಕ್ಟರು ಮಾಲೆ ನೋಡಿದರು. ವಿಭೂತಿ ನೋಡಿದರು. ನಿಧಾನಕ್ಕೆ ಕುಕ್ಕುರುಗಾಲಲ್ಲಿ ಕೂತು ಚಕ್ರದ ಕೆಳಗೆ ನೋಡಿದರು. ಹಸಿ ರಸ ಇನ್ನೂ ಹರಿಯುತ್ತಿತ್ತು.

“ನಿಂಬೀಹಣ್ಣು ತಾವ ಹಿಚುಕಿಕೊಂಡಾವೇನ್ರೀ ಸರ?”

“ತಳ್ಳಿದ್ವಿರಿ,” ಎಂದರು ನಮ್ಮ ಮನೆಯವರು.

“ಯಾರ್ಯಾರು?”

ಇವರು ನನ್ನನ್ನೂ ಅತ್ತೆಯನ್ನೂ ತೋರಿಸಿದರು. ನಾನು ತಲೆಯಾಡಿಸಿದೆ. ಅತ್ತೆ ಆಡಿಸಲಿಲ್ಲ. ಅಷ್ಟು ದಿನ ತಡೆದುಕೊಂಡಿದ್ದ ಸಿಟ್ಟು ಅವರಿಗೆ.

“ನಾ ಯಾಕ ತಳ್ಳಲಿ? ಒಂದ ಸೆಲ್ಫ್ ಹೊಡದ್ರ ಚಾಲೂ ಆಗ್ತೈತ್ರೀ ಸಾಹೇಬ್ರ ನಮ್ಮ ಗಾಡಿ. ಇವರ ಮಾತು ಕೇಳಬ್ಯಾಡ್ರಿ. ಪ್ರಸಾದ ತಗೋರಿ ಮೊದಲ.”

ಇನ್‌ಸ್ಪೆಕ್ಟರು ಎರಡೂ ಕೈಯಲ್ಲಿ ಕೊಬ್ಬರಿ ಸಕ್ಕರೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ತಮ್ಮ ಬೈಕಿಗೂ ಬೆಳಿಗ್ಗೆ ಪೂಜೆ ಮುಗಿಸಿಯೇ ಬಂದದ್ದು ಎಂದರು. ನನಗೆ ಸ್ವಲ್ಪ ಜೀವ ಬಂತು. ನಮ್ಮವರೇ, ಹೊಂದಿಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ಕೊಬ್ಬರಿ ಅಗಿದು ಮುಗಿಸಿ, ಕೈ ಒರೆಸಿಕೊಂಡು, “ಹಂಗಾದ್ರ ಚಾಲೂ ಮಾಡ್ರಿ” ಎಂದರು.

ಒಂದೇ ಸೆಲ್ಫ್ ಹೊಡೆತಕ್ಕೆ ಚಾಲೂ ಆಯಿತು. ಅತ್ತೆ ಹೆಮ್ಮೆಯಿಂದ ಸುತ್ತ ನೋಡಿದರು.

“ಮುಂದ ತಗೋರಿ. ಹಾಂ. ಇನ್ನ ನಿಲ್ಲಸ್ರಿ.”

ನೀರು ಹರಿದು ಹೋಗಲಿ ಎಂದು ನಮ್ಮ ಹಿತ್ತಲನ್ನು ಸ್ವಲ್ಪ ಇಳಿಜಾರು ಮಾಡಿಸಿದ್ದೇವೆ. ವ್ಯಾನು ನಿಲ್ಲಲಿಲ್ಲ. ಅವಸರವನ್ನೂ ಮಾಡಲಿಲ್ಲ. ಸಾವಕಾಶವಾಗಿ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿ ನಿಂತಿತು. ಮಾಲೆ ಕಳಚಿ ಬಿತ್ತು. ಇನ್‌ಸ್ಪೆಕ್ಟರು ಹೋಗಿ ಕಲ್ಲನ್ನು ನೋಡಿದರು. ಅದರ ಮೇಲೆ ವ್ಯಾನಿನ ಬಿಳಿ ಬಣ್ಣ ಪದರ ಪದರವಾಗಿ ಹತ್ತಿತ್ತು. ಬಟ್ಟೆ ಒಗೆಯುವಾಗ ದಿನವೂ ಕಂಡಿದ್ದೆ. ಸುಣ್ಣ ಎಂದುಕೊಂಡಿದ್ದೆ.

“ಕಾಯಂ ಇಲ್ಲೇ ನಿಲ್ತೈತೇನ್ರಿ?” ಎಂದು ಕೇಳಿದರು ಅವರು.

ಫಿಸಿಕ್ಸ್ ಮೇಷ್ಟ್ರು ಎಂಜಿನ್ ಆರಿಸಿದರು. ಉತ್ತರ ಬೇಕಾಗಿದ್ದದ್ದು ಇನ್‌ಸ್ಪೆಕ್ಟರಿಗಿಂತ ಅತ್ತೆಗೆ. ಅವರು ಕೋಲು ಊರುತ್ತ ವ್ಯಾನಿನ ಹತ್ತಿರ ಹೋಗಿ ಮಗನ ಕಿಟಕಿಯ ಎದುರು ನಿಂತರು.

“ಬ್ರೇಕ್ ಇಲ್ಲೇನ ಇದಕ್ಕ?”

“ಐತೆವ್ವಾ. ಸ್ವಲ್ಪ ತಡಾ ಮಾಡಿ ಹಿಡೀತೈತಿ.”

“ಮತ್ತ ಸೋಮವಾರ ಹೆಂಗ ನಿಲ್ಲಸ್ತಿದ್ದಿ?”

“ದೂರದಿಂದನ ಗೇರ್ ಇಳಿಸಿಕೋತ ಬರ್ತಿದ್ನಿ. ಅದಕ್ಕ ಎಂಜಿನ್ ಬ್ರೇಕಿಂಗ್ ಅಂತಾರ.”

“ಮೋಟೆಬೆನ್ನೂರ ಕ್ರಾಸಿನ್ಯಾಗ? ಆ ಲಾರಿ ನಡುವ?”

ಇವರು ಸ್ಟೇರಿಂಗ್ ನೋಡುತ್ತ ಕೂತರು. ಮಾರುಕಟ್ಟೆಯ ದಿನ ಆ ಕ್ರಾಸಿನಲ್ಲಿ ಮೆಣಸಿನಕಾಯಿ ಚೀಲ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಆ ಸಾಲಿನ ಬಾಲಕ್ಕೆ ಹೈವೇ ಮೇಲಿಂದ ಪ್ರತಿ ಸೋಮವಾರ ಒಂದು ವ್ಯಾನು ಬರುತ್ತಿತ್ತು, ನಿಂತರೆ ನಿಂತಿತು ಎಂಬ ಧೈರ್ಯದ ಮೇಲೆ. ಅದರ ಹಿಂದಿನ ಸೀಟಿನಲ್ಲಿ ಅತ್ತೆ, ತಂಗಿಗೆಂದು ಒಯ್ಯುವ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಇಷ್ಟು ದಿನ ನಾವು ಉಳಿಸಿಕೊಳ್ಳಲು ಹೆಣಗಿದ್ದು ಯಾವುದನ್ನು? ಅವರ ಸೋಮವಾರವನ್ನೋ, ಆ ವ್ಯಾನನ್ನೋ?

ಇನ್‌ಸ್ಪೆಕ್ಟರು ನಮ್ಮ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಬೈಯಲಿಲ್ಲ. “ಎರಡರಾಗ ಒಂದು ಹೇಳ್ರಿ,” ಎಂದರು. “ಓಡೂದಿಲ್ಲ ಅಂದ್ರ ವಿನಾಯಿತಿ ಬರೀತೇನಿ. ಆದ್ರ ಆರ್‌ಸಿ ನಮ್ಮ ಕಡೆ ಇರ್ತೈತಿ, ಗಾಡಿ ಈ ಗೇಟು ದಾಟಬಾರದು. ಸೋಮವಾರಾನೂ ದಾಟಬಾರದು. ಓಡ್ತೈತಿ ಅಂದ್ರ ರಿಪೇರಿ ಮಾಡಸ್ರಿ, ಮೈದಾನಕ್ಕ ತರ್ರಿ, ಎಲ್ಲಾರಂಗ ಪಾಳಿ ಹಚ್ಚರಿ.”

“ಫೇಲಾದ್ರ?” ಎಂದರು ಅತ್ತೆ.

“ಫೇಲಾದ್ರ ಮತ್ತ ರಿಪೇರಿ ಮಾಡಿಸಿ ತರ್ರಿ ಅಜ್ಜಿ. ಒಮ್ಮೆ ಫೇಲಾದ್ರ ಗುಜರೀಗೆ ಹಾಕ್ರಿ ಅಂತ ಯಾರ ಹೇಳ್ಯಾರ?”

ಬಸಣ್ಣ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಮನೆಯವರನ್ನು ಬಿಟ್ಟು ಯಾರೂ ಹೇಳಿರಲಿಲ್ಲ. ನಾವು ಮೈದಾನದ ಕಡೆ ತಲೆ ಹಾಕದೆಯೇ ಫೇಲಾಗಿದ್ದೆವು. (ಇದನ್ನು ನನ್ನ ಶುಗರಿನ ಗೆಳತಿಗೂ ಹೇಳಿದೆ. ಮದುವೆ ಮುಗಿಯಲಿ ಎಂದಳು.)

ಅತ್ತೆ ಅರ್ಜಿಯನ್ನು ವಾಪಸು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. “ತಗೋ, ಒಲಿಗೆ ಹಾಕು. ನಮ್ಮ ಗಾಡಿ ಓಡ್ತೈತ್ರಿ ಸಾಹೇಬ್ರ. ಪಾಳಿ ಹಚ್ಚತೇವಿ” ಎಂದರು.

ಬ್ರೇಕು ಬಿಚ್ಚಿದ ಮೆಕ್ಯಾನಿಕ್ ಒಳಗಿನ ಸಾಮಾನನ್ನು ಬೆರಳಲ್ಲಿ ಹಿಡಿದು ತೋರಿಸಿದ. ಹಪ್ಪಳ ಅಷ್ಟು ತೆಳ್ಳಗೆ ಇರುವುದಿಲ್ಲ. ನಮ್ಮ ಮನೆಯವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದರು, ಘರ್ಷಣೆಯ ಪಾಠಕ್ಕೆ ಬೇಕಂತೆ. ಬ್ರೇಕು, ಲೈಟು, ಬಾಗಿಲಿನ ಬೀಗ, ಎಲ್ಲ ಹೊಸದಾಯಿತು. ಅಷ್ಟರಲ್ಲಿ ಎರಡು ಸೋಮವಾರ ಹೋದವು. ಆ ಎರಡು ಮಂಗಳವಾರ ನನ್ನ ಸಾರಿಗೆ ಏನೇನು ಹೆಸರು ಬಂದವು ಎಂದು ಇಲ್ಲಿ ಬರೆಯುವುದಿಲ್ಲ.

ಟೆಸ್ಟಿನ ದಿನ ಅತ್ತೆಯೂ ಮೈದಾನಕ್ಕೆ ಬಂದರು. ಬೇಡವೆಂದರೂ ಕೇಳಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಮೈದುನನ ಮಗಳ ಎಸೆಸೆಲ್ಸಿ ಪರೀಕ್ಷೆಗೂ ಪಡದಷ್ಟು ಆತಂಕ ಪಟ್ಟರು. ನಿಲ್ಲಿಸು ಎಂದಲ್ಲಿ ವ್ಯಾನು ನಿಂತಿತು. ಇಂಡಿಕೇಟರ್ ಹಾಕಿದರೆ ಇಂಡಿಕೇಟರೇ ಹತ್ತಿತು. ಒಂದೇ ಸಲಕ್ಕೆ ಪಾಸು. ಮನೆಗೆ ಬರುವಾಗ ಪೇಢೆ ತಂದು ಓಣಿಗೆಲ್ಲ ಹಂಚಿದರು. ಮೊಮ್ಮಗಳು ಪಾಸಾದಾಗ ಬರೀ ಸಕ್ಕರೆ ಹಂಚಿದ್ದರು.

ಮುಂದಿನ ಸೋಮವಾರ ನಾನೂ ಹೊರಟೆ. ಅದುವರೆಗೆ ನಾನು ಬ್ಯಾಡಗಿಗೆ ಬಸ್ಸಿನಲ್ಲೇ ಹೋಗುತ್ತಿದ್ದೆ. ವ್ಯಾನಿನಲ್ಲಿ ಮೆಣಸಿನಕಾಯಿ ಘಾಟು, ನನಗೆ ಸೀನು ಬರುತ್ತದೆ ಎನ್ನುತ್ತಿದ್ದೆ. ಅತ್ತೆ ಸೀಟಿನಲ್ಲಿ ನನಗೆ ಜಾಗ ಬಿಡುತ್ತ, “ಪಾಸಾದ ಕೂಡಲೇ ಘಾಟು ಹೋತೇನವಾ?” ಎಂದು ಕೇಳಿದರು. ನಾನು ಕಿಟಕಿಯ ಆಚೆ ನೋಡಿದೆ.

ಮೋಟೆಬೆನ್ನೂರು ಕ್ರಾಸ್ ಹತ್ತಿರ ಮುಂದೆ ಹೋಗುತ್ತಿದ್ದ ಚೀಲದ ಲಾರಿ ಯಾವ ಸೂಚನೆಯೂ ಇಲ್ಲದೆ ನಿಂತುಬಿಟ್ಟಿತು. ಇವರು ಹಳೆಯ ರೂಢಿಯಂತೆ ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ತುಳಿದರು. ವ್ಯಾನು ನಿಂತ ರಭಸಕ್ಕೆ ಅತ್ತೆಯ ತೊಡೆಯ ಮೇಲಿದ್ದ ಡಬ್ಬಿ ಹಾರಿ ಮುಂದಿನ ಸೀಟಿನಡಿ ಬಿತ್ತು, ಹಿಂಡಿಯೆಲ್ಲ ಚೆಲ್ಲಿತು. ಲಾರಿಯ ಹಿಂಬದಿಗೂ ನಮ್ಮ ಗಾಜಿಗೂ ಒಂದು ಮೊಳ ಅಂತರ ಇರಬಹುದು. ಚೀಲಗಳ ಹೊಲಿಗೆ ಎಣಿಸಬಹುದಿತ್ತು.

ಇದೇ ಲಾರಿ ಹಿಂದಿನ ಯಾವುದೋ ಸೋಮವಾರ ಹೀಗೆ ನಿಂತಿದ್ದರೆ ಎಂದು ನನಗೆ ಯೋಚನೆ ಬಂತು. ಇವರಿಗೂ ಅದೇ ಯೋಚನೆ ಬಂದಿರಬೇಕು. ಲಾರಿ ಮುಂದೆ ಸರಿದರೂ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡು, ಚೆಲ್ಲಿದ ಹಿಂಡಿಯನ್ನು ನೋಡಿ, ಮಗನಿಗೆ ಹೇಳಿದರು:

“ಮೊದಲ ಚಲೋ ಇತ್ತು ನೋಡು. ಇಷ್ಟು ವರ್ಷದಾಗ ಈ ಗಾಡಿ ಒಂದ ದಿನಾನೂ ಹಿಂಗ ಗಕ್ಕನ ನಿಂತಿದ್ದಿಲ್ಲ.”